ಅಂಗುಸ್ತಾನದ ಅಳತೆ

ಕುಡಿಯದವನೇ ಬೇಕಂತೆ ತೀರ್ಪಿಗೆ.
ಹಾಗಂತ ಅಪೊಲಿನ್ ಬಾಯಿ
ಐ.ಜಿ. ರಸ್ತೆಯ ನನ್ನ ಅಂಗಡಿಗೇ ಬಂದು ಕೂತಳು,
ಅಂಚು ಹೊಲಿಯಲು ತಂದ ಬಿಳಿ ನಿಲುವಂಗಿ ಒಂದು ಕೈಲಿ,
ಸೆರಗಲ್ಲಿ ಸುತ್ತಿದ ಸೀಸೆ ಇನ್ನೊಂದರಲ್ಲಿ.
"ತಿಪ್ಪೇಶಣ್ಣಾ, ಕುಡಿಯೋರ ನಾಲಿಗೆ ಎಲ್ಲಕ್ಕೂ ಹೂಂ ಅನ್ನತ್ತೆ.
ನಿಂದು ಇನ್ನೂ ಕೋರಾ ಬಟ್ಟೆ."

ಕ್ರಿಸ್‌ಮಸ್ಸಿಗೆ ಹನ್ನೊಂದು ದಿನ.
ಶಟರು ಅರ್ಧ ಎಳೆದು, ಕತ್ತರಿಸುವ ಮೇಜಿನ ಮೇಲೆ
ಟೇಪು, ಚಾಕು, ಗುಂಡಿ ಡಬ್ಬಿ ಸರಿಸಿ
ನಾಲ್ಕು ಸೀಸೆ ನಿಂತವು.
ಹೆಸರಿನ ಚೀಟಿ ಯಾವುದಕ್ಕೂ ಇಲ್ಲ;
ಒಂದರ ಮೈಮೇಲೆ ಮಾತ್ರ ಕೆಮ್ಮಿನ ಔಷಧದ ಹಳೇ ಲೇಬಲ್ಲು,
ಚೆನ್ನಾಗಿ ಅಲುಗಾಡಿಸಿ ಬಳಸಿ ಅಂತ.

ಲೋಟ ಬೇಡ ಅಂದೆ. ಅಮ್ಮನ ಆಣೆಯಿದೆ.
ಆಣೆ ಇಡಿಸುವಾಗ ಅವಳು ಲೋಟ ಅಂದಿದ್ದಳು,
ಅಂಗುಸ್ತಾನದ ಸುದ್ದಿ ಎತ್ತಿರಲಿಲ್ಲ.
ಅಪ್ಪನ ಕಾಲದ್ದು, ಹಿತ್ತಾಳೆಯದು,
ಬೆರಳಿಂದ ಕಳಚಿ, ಅಂಗಿಗೆ ಒರೆಸಿ, ಮುಂದೆ ಹಿಡಿದೆ.

ಮೊದಲು ಹೂವೇಗೌಡ್ರದು. ಎಸ್ಟೇಟಿನ ರೈಟ್ರು.
ಕಾಫಿ ಹಣ್ಣಿನ ಸಿಪ್ಪೆಯಲ್ಲಿ ಮಾಡಿದ್ದು;
ಸಕ್ಕರೆ ಇಷ್ಟು, ದಿನ ಇಷ್ಟು, ಎಲ್ಲ ಬರೆದಿಟ್ಟಿದ್ದಾರೆ
ಆಳುಗಳ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ.
ಬಾಯಿಗೆ ಬಿದ್ದರೆ
ಪಲ್ಪರ್ ಮನೆಯ ಹಿಂದಿನ ಗಾಳಿ.
ಹಾಗಂತ ಹೇಳಲಿಲ್ಲ. "ಲೆಕ್ಕ ಸರಿಯಿದೆ" ಅಂದೆ.

ಬೇಕರಿ ಎವ್ಜಿನ್‌ನದು ಪ್ಯಾಶನ್ ಫ್ರೂಟು.
ಮದುಮಗಳ ರವಿಕೆಯ ಹಾಗೆ ಮಿಂಚೆಲ್ಲ ಮೇಲೇ,
ಒಳಗೆ ಲೈನಿಂಗ್ ಇಲ್ಲ.

ರೆಮೆದಿಯ ನೆಲ್ಲಿಕಾಯಿ ಮೊದಲು ಮುನಿಸಿಕೊಂಡು
ಗಂಟಲು ದಾಟಿದ ಮೇಲೆ ತಿರುಗಿ ನೋಡಿ ನಕ್ಕಿತು.
ಇನ್ನೊಂದು ಅಂಗುಸ್ತಾನ ಕೇಳಿದೆ,
ಅಮ್ಮನ ಫೋಟೊ ಇರುವ ಗೋಡೆಗೆ ಬೆನ್ನು ಹಾಕಿ.

ಕೊನೆಗೆ ಅಪೊಲಿನ್ ಬಾಯಿಯದು. ಕಪ್ಪು ದ್ರಾಕ್ಷಿ.
ತಾನು ಮುಟ್ಟದ ಕುಡಿತಕ್ಕೆ ಶಬ್ಬೀರ
ಗಾಡಿಯ ಮುಂದೆ ನಿಂತು ಒಂದೊಂದು ಹಣ್ಣೂ ಒತ್ತಿ ಆರಿಸಿ ಕೊಟ್ಟದ್ದು.
ಗೋಧಿ ಒಂದು ಹಿಡಿ, ಲವಂಗ ಆರು, ಬಣ್ಣಕ್ಕೆ ಸುಟ್ಟ ಸಕ್ಕರೆ,
ಭರಣಿಯ ಬಾಯಿಗೆ ನಾನೇ ಕೊಟ್ಟ ಪಾಪ್ಲಿನ್ ತುಂಡು.
ಇಪ್ಪತ್ತೊಂದು ದಿನ ಮರದ ಸೌಟಿನಲ್ಲಿ ತಿರುವಿದ್ದಾಳೆ,
ಆಸ್ಪತ್ರೆಯ ಡ್ಯೂಟಿಗೆ ಹೊರಡುವ ಮುಂಚೆ, ಕತ್ತಲಲ್ಲೇ.

ಹುಳಿ.
ಹಲ್ಲಿನ ಬೇರು ಹುಡುಕುವ ಹುಳಿ.
ಕೈ ಅದುರಿ, ಅಂಗುಸ್ತಾನ ಜಾರಿ,
ಬಿತ್ತಲ್ಲ
ಬಿಳಿ ನಿಲುವಂಗಿಯ ಮೇಲೆ.

ಹೂವೇಗೌಡ್ರು ಟೋಪಿ ತೆಗೆದರು,
ಸಾವಿನ ಮನೆಯಲ್ಲಿ ತೆಗೆಯುವ ಹಾಗೆ.
"ನಿಜ ಹೇಳು."
"ವಿನಿಗರ್" ಅಂದೆ.
ಸೀಸೆಗೆ ಬಿರಡೆ ಒತ್ತಿ, ಸೆರಗಲ್ಲಿ ಸುತ್ತಿ,
"ಪಾಪ್ಲಿನ್ ನಿಂದೇ" ಅಂದು ಎದ್ದು ಹೋದಳು.

ಗೆದ್ದದ್ದು ನೆಲ್ಲಿಕಾಯಿ.
ಹಬ್ಬದ ಮಧ್ಯಾಹ್ನ ಅದರ ಮಾತೇ ಯಾರೂ ಎತ್ತಲಿಲ್ಲ.
ಎಲ್ಲರ ಕೈಯೂ ಬಾಯಿಯ ಮನೆಯ ಹಂದಿ ಇಂಡಾದಿನ ಪಾತ್ರೆಯಲ್ಲಿ;
ಆ ಸೀಸೆ ಪೂರ್ತಿ ಸುರಿದು
ಎರಡು ದಿನ ನೆನೆಹಾಕಿದ್ದಳಂತೆ.
ಎವ್ಜಿನ್ ಬ್ರೆಡ್ಡಿನ ತುದಿಯಲ್ಲಿ ತಳ ಒರೆಸುತ್ತ
"ಇದಕ್ಕೆ ಸೋಲು ಅಂದವ ಯಾರಪ್ಪ?" ಅಂದ.
ನಾನು ಮೂಲೆಯಲ್ಲಿ. ತಟ್ಟೆಯಲ್ಲಿ ಎರಡು ನೆವ್ರಿ, ನಾಲ್ಕು ಕಿಡಿಯೊ.
ಮಾಂಸ ತಿನ್ನದ ನ್ಯಾಯಾಧೀಶ,
ಮೇಲ್ಮನವಿಯ ತೀರ್ಪು ಮೂಗಿಗಷ್ಟೇ ತಲುಪಿತು.
ಬಾಯಿ ಏನೂ ಅನ್ನಲಿಲ್ಲ.
ಇನ್ನೆರಡು ನೆವ್ರಿ ಹಾಕಿದಳು, ಸ್ವಲ್ಪ ಜೋರಾಗಿ.

ಹಿಂದಿನ ರಾತ್ರಿ ಚರ್ಚಿನ ಕೊನೆಯ ಕಂಬದ ಹತ್ತಿರ
ಶಾಲು ಹೊದ್ದು ನಿಂತಿದ್ದೆ. ಚಳಿ.
ಅವಳ ಕಿರಿಮಗ ಡಾಲ್ವಿನ್
ಬಿಳಿ ನಿಲುವಂಗಿಯಲ್ಲಿ ಗಂಟೆ ಹಿಡಿದು ಹೋದ.
ಕಲೆ ಹೋಗಿರಲಿಲ್ಲ, ನಿಂಬೆಗೂ, ಉಪ್ಪಿಗೂ, ಸೋಡಾಕ್ಕೂ.
ನಾಲ್ಕು ಬೆರಳಗಲ ಒಳಗೆ ಮಡಿಸಿ
ಮಿಶನ್ ಬಿಟ್ಟು ಕೈಯಲ್ಲೇ ಹೊಲಿದಿದ್ದೆ, ಸಣ್ಣ ಸಣ್ಣ ಹೊಲಿಗೆ.
ಹೆಜ್ಜೆ ಹಾಕಿದಾಗೆಲ್ಲ ಅಂಚು
ಉಳಿದ ಹುಡುಗರದಕ್ಕಿಂತ ಒಂದಿಷ್ಟು ಭಾರವಾಗಿ ಓಲಾಡುತ್ತಿತ್ತು.

ಹುಡುಗ ಬೆಳೆಯುವ ವಯಸ್ಸು.
ಮುಂದಿನ ಡಿಸೆಂಬರಿಗೆ ಅಂಚು ಬಿಚ್ಚಬೇಕು.
ನನ್ನ ಹತ್ತಿರವೇ ತರುತ್ತಾಳೆ.